ಗಾಳಿ ನೋಡಿ ನಡೆಯುವ ಗಿರಣಿ

ನಮ್ಮ ಕಾಕಾನ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಂಡು ಬೆಳೆದವರು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳಬಲ್ಲೆ: ಹಿಟ್ಟಿನ ಗಿರಣಿಯ ಇಂಜಿನ್ನು! ರೊಟ್ಟಿ ಚಟ್ನಿಯ ಮೇಲೆ ಇನ್ನೊಂದು ಹನಿ ಎಣ್ಣೆ ಹಾಕಿಕೊಂಡರೆ "ಎಣ್ಣಿ ಹೆಚ್ಚಾದ್ರ ಕೆಮ್ಮು ಬರ್ತೈತಿ ಬೇ" ಎಂದು ನನ್ನನ್ನು ಗದರಿಸುತ್ತಿದ್ದ ಮನುಷ್ಯ, ಅದೇ ಕುಸುಬಿ ಎಣ್ಣೆಯನ್ನು ಡಬ್ಬಿಗಟ್ಟಲೆ ಇಂಜಿನ್ನಿನ ಬಾಯಿಗೆ ಸುರಿಯುತ್ತಿದ್ದ. ಯಾಕಂತೆ? ಹೆಂಡತಿಯ ಕೆಮ್ಮು ನಿಲ್ಲಲಿ ಅಂತ! ಇಂಥವನ ಮನೆಯಲ್ಲಿ ಬೆಳೆದೂ ನನ್ನ ತಲೆ ನೆಟ್ಟಗಿದೆಯಲ್ಲ ಎಂದು ಜೇವರ್ಗಿಯ ನನ್ನ ಅತ್ತೆಮನೆಯವರು ಇವತ್ತಿಗೂ ಆಶ್ಚರ್ಯಪಡುತ್ತಾರೆ. ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ನನಗೂ ಇದೆ, ಅದು ಬೇರೆ ಮಾತು.

ಹೆತ್ತವ್ವ ತೀರಿಹೋದ ಮೇಲೆ ನಾನು ಗೊಬ್ಬೂರಿನಲ್ಲಿ ಕಾಕಾ, ಚಿಗವ್ವನ ಹತ್ತಿರವೇ ಬೆಳೆದೆ. ಅವರಿಗೆ ಮಕ್ಕಳಿರಲಿಲ್ಲ. ಮನೆಗೂ ಗಿರಣಿಗೂ ಒಂದೇ ಗೋಡೆ. ಗೋಡೆಯ ಮೂಡಲಿಗೆ ಚಿಗವ್ವನ ಅಡುಗೆಮನೆ, ಪಡುವಲಿಗೆ ಗಿರಣಿ, ಗಿರಣಿಯ ಆಚೆ ನಮ್ಮ ತೊಗರಿ ಹೊಲ. ಇಂಜಿನ್ನಿನ ಹೊಗೆಯ ಪೈಪು ಗಿರಣಿಯ ಮಾಳಿಗೆಯ ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ತುದಿಗೆ ಒಂದು ತಗಡಿನ ಡಬ್ಬಿ ಸಿಕ್ಕಿಸಿದ್ದರು. ಇಂಜಿನ್ ಚಾಲೂ ಆದರೆ ಕುಕ್, ಕುಕ್, ಕುಕ್ ಎಂದು ಊರಿಗೆಲ್ಲ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಹೆಂಗಸರು ಜೋಳದ ಬುಟ್ಟಿಯನ್ನು ತಲೆಗೇರಿಸುತ್ತಿದ್ದರು.

ಊರಿಗೆ ಸದ್ದು ಹೋಯಿತು ಸರಿ, ಹೊಗೆ ಎಲ್ಲಿಗೆ ಹೋಗಬೇಕು? ಪಡುವಲ ಗಾಳಿ ಬೀಸಿದರೆ ಆ ಕರಿಹೊಗೆ ಮಾಳಿಗೆಯ ಮೇಲೆ ಉರುಳುತ್ತಾ ಬಂದು ಅಡುಗೆಮನೆಯ ಬೆಳಕಿಂಡಿಯೊಳಗೆ ನೇರವಾಗಿ ಇಳಿಯುತ್ತಿತ್ತು, ಬೀಗರು ಬಂದಂತೆ. ಕೆಳಗೆ ರೊಟ್ಟಿ ಬಡಿಯುತ್ತಾ ಕುಳಿತ ಚಿಗವ್ವನಿಗೆ ದಮ್ಮು. ಕೆಮ್ಮು ಶುರುವಾದರೆ ಆಕೆ ಹಿಟ್ಟು ನಾದುವ ಕೊಣಮಿಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಇನ್ನೊಂದು ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಳು. ಬಾಗಿಲಲ್ಲಿ ನಿಂತು ನಾನೂ ಕಾಯುತ್ತಿದ್ದೆ. ಗೋಡೆಯ ಆಚೆ ಇಂಜಿನ್ನು ಮಾತ್ರ ಯಾರಿಗಾಗಿಯೂ ಕಾಯುತ್ತಿರಲಿಲ್ಲ.

ಪೈಪು ಎತ್ತರ ಮಾಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ಮಾಡಿದ! ಆಷಾಢದ ಗಾಳಿಗೆ ಅದು ಮುರಿದು ಪಕ್ಕದ ಮನೆಯ ಮೌಲಾಸಾಬನ ಆಡಿನ ಗುಡಿಸಲ ಮೇಲೆ ಬಿತ್ತು. ಆಡುಗಳು ಒಂದು ವಾರ ಹಾಲು ಕೊಡಲಿಲ್ಲ. ಗಿರಣಿ ಮುಚ್ಚಬಾರದಿತ್ತೇ? ಮುಚ್ಚಿದರೆ ಉಣ್ಣುವುದೇನನ್ನು?

ಆಮೇಲೆ ಕಾಕಾ ಹೊಸ ಪದ್ಧತಿ ಹಾಕಿದ. ಮುಂಜಾನೆ ಎದ್ದವನೇ ಮಾಳಿಗೆ ಹತ್ತುವುದು, ತೋರುಬೆರಳನ್ನು ನಾಲಿಗೆಯ ಮೇಲೆ ಇಟ್ಟು ಒದ್ದೆ ಮಾಡುವುದು, ಆಕಾಶಕ್ಕೆ ಎತ್ತಿ ಹಿಡಿಯುವುದು. ಮೂಡಲ ಗಾಳಿ ಇದ್ದರೆ ಹೊಗೆ ಹೊಲದ ಕಡೆ ಹೋಗುತ್ತದೆ, ಗಿರಣಿ ಚಾಲೂ. ಪಡುವಲ ಗಾಳಿ ಇದ್ದರೆ ಬಂದ್! ಕೆಳಗೆ ಬುಟ್ಟಿ ಇಟ್ಟುಕೊಂಡು ಹೆಂಗಸರ ಸಾಲು.

"ಕಾಕಾರ, ಮನ್ಯಾಗ ಹಿಟ್ಟ ಇಲ್ರಿ. ಬೀಗರು ಬಂದು ಕುಂತಾರ."

"ಗಾಳಿ ಪಡುವಲದ್ದೈತಿ ಯವ್ವ. ತಿರಗಲಿ, ಕೂಡು."

"ಯಾವಾಗ ತಿರಗತೈತ್ರಿ?"

"ಅದಕ್ಕs ಕೇಳು."

ನಮ್ಮ ಕಡೆ ಮಳೆಗಾಲ ಮುಗಿಯುವವರೆಗೂ ಪಡುವಲ ಗಾಳಿಯೇ ಎಂಬುದನ್ನು ಈ ಮಹಾನುಭಾವ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಊರವರು ಬುಟ್ಟಿ ಹೊತ್ತು ಬಸ್ಸು ಹತ್ತಿ ಚೌಡಾಪುರಕ್ಕೆ ಹೋಗಿ ಬೀಸಿಸಿಕೊಂಡು ಬರತೊಡಗಿದರು. ಸ್ವಂತ ಗಿರಣಿ ಇದ್ದ ನಮ್ಮ ಮನೆಯಲ್ಲೂ ಹಿಟ್ಟು ತೀರಿತು. ಚೌಡಾಪುರಕ್ಕೆ ಬುಟ್ಟಿ ಹೊತ್ತವರಲ್ಲಿ ನಾನೂ ಒಬ್ಬಳು! ಆ ಗಿರಣಿಯವನು ನನ್ನ ಮುಖ ನೋಡಿ ನಕ್ಕದ್ದು ಇನ್ನೂ ನೆನಪಿದೆ.

ಗಾಳಿಯನ್ನು ಬದಲಿಸಲು ಆಗುವುದಿಲ್ಲ, ಹಾಗಾದರೆ ಹೊಗೆಯನ್ನೇ ಬದಲಿಸಬೇಕು ಎಂಬ ಜ್ಞಾನೋದಯ ಕಾಕಾನಿಗೆ ಆದದ್ದು ಮೌಲಾಸಾಬನಿಂದ. ಮೌಲಾಸಾಬ ಇಂಜಿನ್ ರಿಪೇರಿಯ ಉಸ್ತಾದ. ಚಹಾ ಕುಡಿಯುತ್ತಾ ಸುಮ್ಮನೆ ಮಾತಿಗೆ ಮಾತು ಅಂದ: "ಕಾಕಾ, ಈ ಇಂಜಿನ್ನಿಗಿ ಡೀಸೆಲ್ಲs ಬೇಕಂತೇನಿಲ್ಲ. ಶೇಂಗಾ ಎಣ್ಣಿ, ಕುಸುಬಿ ಎಣ್ಣಿ, ಯಾವದಾದ್ರೂ ಕುಡಿತೈತಿ. ಅದರ ಹೊಗಿ ಇಷ್ಟು ಕರ್ರಗ ಇರಂಗಿಲ್ಲ." ಚಹಾ ಕುಡಿದು ಹೋದವನು ಆ ಮಾತಿಗಾಗಿ ಮುಂದೆ ಬಹಳ ವರ್ಷ ಪಶ್ಚಾತ್ತಾಪಪಟ್ಟ.

ಮರುದಿನವೇ ಅಡುಗೆಮನೆಯ ಕುಸುಬಿ ಎಣ್ಣೆಯ ಡಬ್ಬಿ ಮಾಯ! ಇಂಜಿನ್ನು ಒಂದೆರಡು ಸಲ ಕೆಮ್ಮಿ, ಸೀನಿ, ಆಮೇಲೆ ಓಡಿಯೇ ಬಿಟ್ಟಿತು. ಹೊಗೆ ನಿಜಕ್ಕೂ ತೆಳ್ಳಗಾಗಿ, ಬೂದಿಬಣ್ಣಕ್ಕೆ ಬಂತು. ಆದರೆ ವಾಸನೆ? ಇಡೀ ಊರಿನಲ್ಲಿ ಮಿರ್ಚಿಭಜಿ ಕರಿದ ವಾಸನೆ! "ಯಾರ ಮನ್ಯಾಗ ಮದಿವಿ?" ಎಂದು ದಾರಿಯಲ್ಲಿ ಹೋಗುವವರು ನಿಂತು ಕೇಳಿದರು. ನಾಯಿಗಳು ಪೈಪಿನ ಕಡೆ ಮುಖ ಮಾಡಿ ಗಿರಣಿಯ ಮುಂದೆ ಮಲಗಿದವು. ಅದು ರಂಜಾನ್ ತಿಂಗಳು ಬೇರೆ. ಮೌಲಾಸಾಬ ಮಧ್ಯಾಹ್ನ ಒಣಗಿದ ಮುಖ ಹೊತ್ತು ಬಂದ.

"ಕಾಕಾ, ನಾ ರೋಜಾ ಇದ್ದೇನಿ. ನಿಮ್ಮ ಇಂಜಿನ್ ಮುಂಜಾನಿಂದ ಭಜಿ ಕರಿಯಾಕತ್ತೈತಿ! ಮೂಗು ಎಲ್ಲಿ ಇಟಗೊಂಡು ಕೂಡಲಿ ನಾ?"

"ನೀನs ಹೇಳಿದೆಲ್ಲೋ ಉಸ್ತಾದ, ಎಣ್ಣಿ ಹಾಕಂತ!"

"ತಪ್ಪಾತು ಕಾಕಾ! ಕೈ ಮುಗಿತೇನಿ!"

ಕಾಕಾ ಒಳ್ಳೆಯವನು. ರಂಜಾನ್ ಮುಗಿಯುವವರೆಗೆ ಹೊತ್ತು ಮುಳುಗಿದ ಮೇಲೆಯೇ ಎಣ್ಣೆಯಲ್ಲಿ ಗಿರಣಿ ಓಡಿಸುವುದಾಗಿ ಮಾತು ಕೊಟ್ಟ. ಹೀಗೆ ಮೊದಲು ಗಾಳಿಗಾಗಿ ಕಾಯುತ್ತಿದ್ದ ಊರು ಈಗ ಸೂರ್ಯನಿಗಾಗಿಯೂ ಕಾಯಬೇಕಾಯಿತು. ನನಗೆ ಅಳುವುದೋ ನಗುವುದೋ ತಿಳಿಯದಾಯಿತು. ಚಿಗವ್ವ ಮಾತ್ರ ಬೆಳಕಿಂಡಿಯನ್ನು ನೋಡಿ, ಉಸಿರೆಳೆದುಕೊಂಡು, "ಎದಿ ಸ್ವಲ್ಪ ಹಗುರ ಆದಂಗ ಐತ್ರಿ" ಅಂದಳು. ಅಷ್ಟು ಸಾಕಾಯಿತು! ಆ ಒಂದು ಮಾತಿನ ಮೇಲೆ ಕಾಕಾ ಮುಂದಿನ ಎಷ್ಟೋ ವರ್ಷ ಓಡಿದ.

ಕುಸುಬಿ ಎಣ್ಣೆಯನ್ನೇ ಇಂಜಿನ್ನಿಗೆ ಕುಡಿಸುತ್ತಾ ಹೋದರೆ ಮನೆಯಲ್ಲಿ ಒಗ್ಗರಣೆಗೆ ಏನು ಹಾಕುವುದು? ಆದ್ದರಿಂದ ಹೊಂಗೆಯ ಬೀಜದ ಎಣ್ಣೆ. ಬೇಸಿಗೆಯಲ್ಲಿ ಕಾಕಾ ಚೀಲ ಹೆಗಲಿಗೆ ಹಾಕಿಕೊಂಡು ಚೌಡಾಪುರದ ರಸ್ತೆಯ ಮರಗಳ ಕೆಳಗೆ ಬಗ್ಗಿ ಬಗ್ಗಿ ಕಾಯಿ ಆರಿಸತೊಡಗಿದ. ಗಡ್ಡ ಬೋಳಿಸಿಕೊಳ್ಳಲು ಪುರಸೊತ್ತಿಲ್ಲ, ಧೋತರದ ತುಂಬ ಧೂಳು. ಅದು ಗಾಣಗಾಪುರಕ್ಕೆ ಯಾತ್ರಿಕರು ನಡೆದುಹೋಗುವ ದಾರಿ. ಆ ಕ್ಷೇತ್ರದಲ್ಲಿ ಜೋಳಿಗೆ ಹಿಡಿದು ನಿಂತವರಿಗೆ ಮಧುಕರಿ ಎಂದು ರೊಟ್ಟಿ, ಅನ್ನ ನೀಡುವುದು ಪುಣ್ಯದ ಕೆಲಸ. ಅವರಿಗೆ ಕಾಕಾ ಯಾರೋ ದೊಡ್ಡ ಸಾಧುವಿನಂತೆ ಕಂಡ! ಬುತ್ತಿ ಬಿಚ್ಚಿ ಅವನ ಚೀಲಕ್ಕೆ ರೊಟ್ಟಿ ಹಾಕಿದರು, ಕಾಲಿಗೆ ಬಿದ್ದರು. ಬೇಡ ಅನ್ನಲು ಈ ಸಾಧುವಿಗೆ ಬಾಯಿ ಬರಲಿಲ್ಲ. ಸಂಜೆ ಚೀಲ ಸುರುವಿದರೆ ಹೊಂಗೆಕಾಯಿಯ ಜೊತೆ ರೊಟ್ಟಿ, ಬಾಳೆಹಣ್ಣು, ಒಂದು ತೆಂಗಿನ ಹೋಳು.

"ಏನ್ರೀ ಇದು! ಗಿರಣಿ ಮಾಲಕ ಭಿಕ್ಷಾ ಬೇಡ್ಕೊಂಡು ಬಂದಾನ ಅಂತ ಊರ ಮಂದಿ ನಗ್ತಾರ!" ಎಂದು ಚಿಗವ್ವ ಹಣೆ ಹಣೆ ಬಡಿದುಕೊಂಡಳು.

"ರೊಟ್ಟಿ ಮೆತ್ತಗ ಅದಾವ. ತಿಂದು ನೋಡು ಬೇ" ಅಂದ ಕಾಕಾ.

ಹೊಂಗೆ ಎಣ್ಣೆ ಬಲು ಮಂದ. ಇಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಜಲ್ಲು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು, ಮೌಲಾಸಾಬ ಅದನ್ನು ಬಿಚ್ಚಿ ತೊಳೆದು ತೊಳೆದು ಹೈರಾಣಾದ. ಯಾವುದೋ ಮದುವೆಯಲ್ಲಿ ಸಿಕ್ಕ ಗುಲಬರ್ಗಾದ ಕಾಲೇಜು ಮೇಷ್ಟ್ರೊಬ್ಬರು, ಎಣ್ಣೆಗೆ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಹದವಾಗಿ ಬೆರೆಸಿದರೆ ಅದು ತೆಳ್ಳಗಾಗಿ ಡೀಸೆಲ್ಲಿನ ಹಾಗೆಯೇ ಆಗುತ್ತದೆ ಎಂದರಂತೆ. ಹದ ಎಷ್ಟು ಎಂದು ಕೇಳುವಷ್ಟರಲ್ಲಿ ಅವರ ಬಸ್ಸು ಬಂತಂತೆ! ಕಾಕಾ ತನಗೆ ತೋಚಿದ ಹದದಲ್ಲಿ ಬೆರೆಸಿ ಕಲಸಿದ. ಮುಂಜಾನೆ ನೋಡಿದರೆ ಹಂಡೆಯ ತುಂಬ ಸಾಬೂನು! ಆ ವರ್ಷ ಕಾಕಾನ ಧೋತರ ಮೊದಲ ಸಲ ಬೆಳ್ಳಗೆ ಕಂಡಿತು. "ನಿಮ್ಮ ಕಾಕಾರು ಈಗ ಇಂಜಿನ್ನಿಗೆ ಎಣ್ಣಿಸ್ನಾನ ಮಾಡಸಾಕತ್ತಾರೇನು?" ಎಂದು ಹೊಸದಾಗಿ ಮದುವೆಯಾದ ನನ್ನ ಗಂಡ ಕೇಳಿದಾಗ ನಾನು ತಲೆ ಎತ್ತಲಿಲ್ಲ.

ಕೊನೆಗೆ ಕಾಕಾ ಒಂದು ಉಪಾಯ ಕಂಡುಕೊಂಡ. ಎಣ್ಣೆಯನ್ನು ಬಿಸಿ ಮಾಡಿ ಹಾಕಿದರೆ ನೀರಿನಂತೆ ಹರಿಯುತ್ತದೆ, ನಾಜಲ್ಲು ಕಟ್ಟುವುದಿಲ್ಲ, ಹೊಗೆಯೂ ತೆಳು. ಸರಿ! ದಿನಾ ಮುಂಜಾನೆ ಚಿಗವ್ವನ ಒಲೆಯ ಮೇಲೆ ಎಣ್ಣೆಯ ಹಂಡೆ. ಅದು ಕಾದು ಇಳಿದ ಮೇಲೆಯೇ ನಮ್ಮ ಚಹಾ. ತೊಗರಿ ಕಟ್ಟಿಗೆ ಹಸಿ ಇದ್ದರಂತೂ ಆಕೆ ಊದುಗೊಳವೆ ಹಿಡಿದು ಊದುತ್ತಲೇ ಇರಬೇಕು. ತವರಿಗೆಂದು ನಾನು ಹೋದಾಗಲೆಲ್ಲ ಆಕೆ ಆ ಹಂಡೆಯ ಮುಂದೆಯೇ ಇರುತ್ತಿದ್ದಳು. ಹಿಂದೆ ಗಿರಣಿ ಚಾಲೂ ಆದಾಗ ಕೆಮ್ಮುತ್ತಿದ್ದವಳು ಈಗ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದಳು.

"ಹೊಗಿ ಇನ್ನೂ ತೆಳು ಮಾಡತೇನಿ ತಡಿ" ಎಂದು ಕಾಕಾ ಹಂಡೆಯನ್ನು ಇನ್ನಷ್ಟು ಹೊತ್ತು ಕಾಯಿಸಲು ಹೇಳುತ್ತಿದ್ದ.

ಒಮ್ಮೆ ಆಕೆಯ ತುಟಿ ನೀಲಿಯಾಯಿತು. ನಾನೂ ಕಾಕಾನೂ ಆಕೆಯನ್ನು ಗುಲಬರ್ಗಾದ ದವಾಖಾನೆಗೆ ಕರೆದುಕೊಂಡು ಹೋದೆವು. ಕಾಕಾ ಡಾಕ್ಟರಿಗೆ ಇಂಜಿನ್ನಿನ ಪುರಾಣವನ್ನೆಲ್ಲ ಹೇಳಿದ. ಡೀಸೆಲ್ ಬಿಟ್ಟದ್ದು, ಹೊಂಗೆ ಎಣ್ಣೆ, ಹೊಗೆ ಹೇಗೆ ಬೂದಿಬಣ್ಣಕ್ಕೆ ಬಂತು ಎಂಬುದು. ಡಾಕ್ಟರು ಎಲ್ಲ ಕೇಳಿಸಿಕೊಂಡು ಚಿಗವ್ವನ ಕಡೆ ತಿರುಗಿದರು.

"ಮನೇಲಿ ಒಲೆ ಯಾವುದಮ್ಮ?"

"ತೊಗರಿ ಕಟ್ಟಿಗಿ ಒಲಿ ರೀ."

"ಅದರ ಮುಂದೆ ಬಹಳ ಹೊತ್ತು ಇರ್ತೀರಾ?"

"ಅಡಗಿಗಿ ಒಂದೀಟು ಹೊತ್ತು ಸಾಕ್ರಿ. ಉಳದದ್ದೆಲ್ಲ ಇವರ ಇಂಜಿನ್ನಿನ ಎಣ್ಣಿ ಕಾಸಾಕ" ಎಂದು ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಡಾಕ್ಟರು ನಗಲಿಲ್ಲ. ಕಾಕಾನನ್ನು ನೋಡಿದರು. ಅವನಿಗೆ ಆಗ ಹೊಳೆಯಿತು. ಗೋಡೆಯ ಆಚೆಯ ಹೊಗೆಯ ಬೆನ್ನು ಹತ್ತಿ ಇಷ್ಟು ವರ್ಷ ಓಡಿದವನು, ತಾನೇ ಹೆಂಡತಿಯ ಮೂಗಿನ ಕೆಳಗೆ ಹೊತ್ತಿಸಿಟ್ಟ ಬೆಂಕಿಯನ್ನು ನೋಡಿರಲಿಲ್ಲ! ನಾನೂ ನೋಡಿರಲಿಲ್ಲ, ಮೌಲಾಸಾಬನೂ ನೋಡಿರಲಿಲ್ಲ. ಒಲೆಯ ಹೊಗೆಯನ್ನು ನಮ್ಮಲ್ಲಿ ಯಾರು ಹೊಗೆ ಎನ್ನುತ್ತಾರೆ?

ವಾಪಸ್ ಬರುವಾಗ ಬಸ್ಸು ಚೌಡಾಪುರ ದಾಟಿದ ಮೇಲೆ ಕಿಟಕಿಯ ಹೊರಗಿನ ರಣಬಿಸಿಲನ್ನು ನೋಡುತ್ತಾ ಕಾಕಾ ನನಗೆ ಅಂದ: "ಯವ್ವ, ನಮ್ಮ ಕಡಿ ಬಿಸಿಲಿಗಿ ಏನರ ಬರಗಾಲ ಐತೇನು?"

ಮರುದಿನ ಎಣ್ಣೆಯ ಡಬ್ಬಿಗಳೆಲ್ಲ ಮಾಳಿಗೆ ಹತ್ತಿ ಬಿಸಿಲಿಗೆ ಕುಳಿತವು. ಮಧ್ಯಾಹ್ನಕ್ಕೆ ಎಣ್ಣೆ ನೀರಾಯಿತು! ನೋಡಿ, ಕಲ್ಲಿನ ಮೇಲೆ ರೊಟ್ಟಿ ಬೇಯುವಂಥ ಬಿಸಿಲಿನ ಊರಿನಲ್ಲಿ ಕುಳಿತು ನಾವು ವರ್ಷಗಟ್ಟಲೆ ಕಟ್ಟಿಗೆ ಸುಟ್ಟು ಎಣ್ಣೆ ಕಾಸಿದ್ದೆವು. ನಮ್ಮ ಬುದ್ಧಿಗೆ ಏನೆನ್ನಬೇಕು?

ಕಾಕಾ ಅಲ್ಲಿಗೇ ನಿಲ್ಲಿಸಲಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತಾನೇ ರೊಟ್ಟಿ ಬಡಿಯಲು ಕುಳಿತ. ಹಿಟ್ಟು ಬೀಸುವುದರಲ್ಲಿ ಹುಲಿಯಾದ ಮನುಷ್ಯನಿಗೆ ಅದನ್ನು ದುಂಡಗೆ ತಟ್ಟಲು ಬರಲಿಲ್ಲ. ಅವನ ರೊಟ್ಟಿಗಳು ಒಂದೊಂದೂ ಒಂದೊಂದು ತಾಲೂಕಿನ ನಕಾಶೆ! ಗಂಡಸು ರೊಟ್ಟಿ ಬಡಿಯುವುದನ್ನು ನೋಡಲು ಗಿರಣಿಗೆ ಬಂದ ಹೆಂಗಸರೆಲ್ಲ ಅಂಗಳದಲ್ಲಿ ನೆರೆದರು. ಚಿಗವ್ವ ಹೊರಸಿನ ಮೇಲೆ ಒರಗಿ, "ಇದು ಆಳಂದ, ಇದು ಅಫಜಲಪುರ... ಸಾಕ್ರಿ, ನಗಸಬ್ಯಾಡ್ರಿ, ದಮ್ಮು ಬರ್ತೈತಿ" ಎಂದು ಕಣ್ಣೀರು ಒರೆಸಿಕೊಂಡಳು.

ಹೊಗೆ ತೆಳ್ಳಗಾಯಿತು. ಬೆಳಕಿಂಡಿಯ ಅಂಚಿಗೆ ಸುಣ್ಣ ಬಳಿದರೆ ಬೆಳ್ಳಗೇ ಉಳಿಯಿತು. ಎಲ್ಲವೂ ಸರಿಹೋಯಿತು, ಆಕೆಯ ಎದೆಯೊಂದು ಬಿಟ್ಟು. ಅದು ಸರಿಹೋಗುವ ಹಂತ ಎಂದೋ ದಾಟಿತ್ತು. ಮುಂದಿನ ಮಳೆಗಾಲದಲ್ಲಿ ಚಿಗವ್ವ ತೀರಿಕೊಂಡಳು. ನಮ್ಮವರ ಪದ್ಧತಿಯಂತೆ ಗಿರಣಿಯ ಆಚೆಯ ತೊಗರಿ ಹೊಲದಲ್ಲೇ ಆಕೆಯನ್ನು ಮಣ್ಣು ಮಾಡಿದೆವು.

ಚಳಿಗಾಲದಲ್ಲಿ ನಾನು ಗೊಬ್ಬೂರಿಗೆ ಹೋದೆ. ಗಿರಣಿಯ ಮುಂದೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಇಂಜಿನ್ನು ಬಂದ್.

"ನೋಡ್ರಿ ಅಕ್ಕಾ, ಮೂಡಲ ಗಾಳಿ ಹೆಂಗ ಬೀಸಾಕತ್ತೈತಿ! ಮೊದಲ ಈ ಗಾಳಿಗಿ ಕೈ ಬಿಡುವು ಇಲ್ಲದಂಗ ಬೀಸತಿದ್ರು. ಈಗ ಈ ಗಾಳಿ ಬಂತಂದ್ರ ಬಂದ್ ಮಾಡತಾರ. ಕಾಕಾರ ತಲಿ ಕೆಟ್ಟೈತ್ರಿ."

ನನಗೂ ಹಾಗೇ ಅನ್ನಿಸಿತು. ಮಾಳಿಗೆ ಹತ್ತಿದೆ. ಎಣ್ಣೆಯ ಡಬ್ಬಿಗಳ ನಡುವೆ ಕಾಕಾ ಒದ್ದೆ ಬೆರಳು ಎತ್ತಿ ನಿಂತಿದ್ದ.

"ಕಾಕಾ, ಮೂಡಲ ಗಾಳಿ ಐತೆಲ್ರಿ. ಹೊಗಿ ಅಡಗಿ ಮನಿ ಕಡಿ ಹೋಗಂಗಿಲ್ಲ. ಹೋದ್ರೂ ಅಲ್ಲೀಗ ಯಾರದಾರ? ಚಾಲೂ ಮಾಡ್ರಿ, ಪಾಪ ಮಂದಿ ಕುಂತಾರ."

ಅವನು ಬೆರಳು ಇಳಿಸಲಿಲ್ಲ. ಪಡುವಲಿಗೆ, ತೊಗರಿ ಹೊಲದ ಕಡೆಗೆ ನೋಡಿದ.

"ಹೊಲದ ಕಡಿ ಹೋಗತೈತಲ್ಲ ಯವ್ವ" ಅಂದ.

ನಾನು ಕೆಳಗೆ ಇಳಿದು ಬಂದು ಬುಟ್ಟಿಗಳ ಪಕ್ಕದಲ್ಲಿ, ಆ ಹೆಂಗಸರ ಸಾಲಿನಲ್ಲೇ ಕುಳಿತೆ. ಏನಂದ್ರು ಎಂದು ಅವರು ಕೇಳಿದರು. ಗಾಳಿ ತಿರಗಲಿ, ಕೂಡ್ರಿ ಅಂದೆ.