ಕಾಸರಕೋಡದ ಖಳನ ದವಡೆ ಹಲ್ಲು

ಕಾಸರಕೋಡದ ಸುಧಾಕರನ ಬಲಗಣ್ಣು ಅರ್ಧ ಮುಚ್ಚಿ, ತುಟಿಯ ಮೂಲೆ ಮೇಲಕ್ಕೆ ಸೆಟೆದುಕೊಂಡಿತೆಂದರೆ ಬಂದರಿನ ಬೆಕ್ಕುಗಳು ಬಾಯಲ್ಲಿದ್ದ ಬಂಗುಡೆಯನ್ನು ತಾವಾಗಿಯೇ ಬುಟ್ಟಿಗೆ ವಾಪಸ್ ಹಾಕುತ್ತಿದ್ದವು! ಈ ಮಾತಿಗೆ ಬೆಕ್ಕುಗಳ ಸಹಿ ಇಲ್ಲ, ಊರಿನವರದ್ದಿದೆ.

ಚಿತ್ರೀಕರಣಕ್ಕೆ ಬಂದ ನಿರ್ದೇಶಕರು ಆ ಮುಖ ಕಂಡವರೇ, ಬಲೆ ಹೆಣೆಯುತ್ತ ಕೂತವನನ್ನು ಎಬ್ಬಿಸಿ ಖಳನಾಯಕನ ಪಾತ್ರ ಕೊಟ್ಟರು. ಇಡೀ ಸಿನಿಮಾದಲ್ಲಿ ಅವನು ಆಡಿದ್ದು ನಾಲ್ಕೇ ಮಾತು. ಉಳಿದದ್ದೆಲ್ಲ ಮುಖ! "ಈ ಪಾತ್ರಕ್ಕಾಗಿಯೇ ಹುಟ್ಟಿದವನು" ಎಂದು ಒಂದು ಪತ್ರಿಕೆ ಬರೆಯಿತು. "ಮೌನದಲ್ಲಿ ಕುದಿಯುವ ಕ್ರೌರ್ಯ" ಎಂದಿತು ಇನ್ನೊಂದು.

ಕ್ರೌರ್ಯ ಕುದಿಯುತ್ತಿದ್ದದ್ದು ಬಲಗಡೆಯ ಹುಳುಕು ದವಡೆ ಹಲ್ಲಿನಲ್ಲಿ ಎಂಬುದು ಹೆಂಡತಿ ವಿನುತಾಗೆ ಮಾತ್ರ ಗೊತ್ತಿತ್ತು. ಬಾಯಿ ತೆರೆದರೆ ಗಾಳಿ ತಾಗಿ ಜೀವ ಹೋಗುತ್ತಿತ್ತು. ಅದಕ್ಕೇ ಆ ಮೌನ.

"ಸಿನಿಮಾ ನಟನ ಹೆಂಡ್ತಿಯಾಗಿ ದಿನಾ ಲವಂಗ ಜಜ್ಜೂದೇ ಕೆಲ್ಸವಾ ನಂಗೆ?" ಎಂದವಳು ಅವನನ್ನು ಹೊನ್ನಾವರಕ್ಕೆ ಎಳೆದೊಯ್ದು ಹಲ್ಲು ಕೀಳಿಸಿಯೇ ಬಿಟ್ಟಳು.

ಮೂರನೇ ವಾರಕ್ಕೆ ಫೋನು. ಸಿನಿಮಾದ ಎರಡನೇ ಭಾಗ! ನಿರ್ದೇಶಕರು ಭಾನುವಾರ ಮನೆಗೇ ಬರುತ್ತಾರೆ!

ಸುಧಾಕರ ಕನ್ನಡಿಯ ಮುಂದೆ ನಿಂತ. ಒಳಗಿದ್ದದ್ದು ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವನ ಮುಖ.

"ಸಿಟ್ಟೇ ಬರೂದಿಲ್ಲ ಮಾರಾಯ್ತಿ! ಪಾತ್ರ ಕುಮಟೆಯ ಉಮೇಶನಿಗೇ ಹೋಗ್ತದೆ. ಅವನ ಮೀಸೆ ನೋಡಿದ್ಯಾ?"

"ಬರಿಸ್ತೆ, ಇರಿ!"

ಅಂದು ಮೀನಿಲ್ಲ, ಉಪ್ಪಿಲ್ಲದ ಸೋರೆಕಾಯಿ ಬಡಿಸಿದಳು. ಎರಡು ಸಲ ಹಾಕಿಸಿಕೊಂಡ. "ಅಗಿಯೂದೇ ಬೇಡ, ಚಲೋ ಆತು!" ತವರಿನಿಂದ ತಾಯಿ ಸಣ್ಣಮ್ಮನನ್ನು ಹದಿನೈದು ದಿನಕ್ಕೆಂದು ಕರೆಸಿದಳು. ಅಳಿಯ ಕಾಲಿಗೆ ಬಿದ್ದು, "ತಿಂಗಳಾದ್ರೂ ಇರಿ ಅತ್ತೆ" ಎಂದ. ಕಡೆಗೆ ಮೀನಿಗೆ ಹಾಕುವ ಐಸ್ ಗಡ್ಡೆಯನ್ನೇ ತಂದು ಬಲದವಡೆಗೆ ತುರುಕಿದಳು. ಅವನು ಚೀಪಿದ. "ಆಹಾ, ತಂಪು!"

"ಎಂತ ಮನ್ಷಾ ನೀವು! ಬರೇ ಒಂದು ಹಲ್ಲಿನ ಸಿಟ್ಟಿಗೆ ಹೆದರಿ ಹನ್ನೆರಡು ವರ್ಷ ಸಂಸಾರ ಮಾಡಿದ್ನಲ್ಲ ನಾನು!"

ಭಾನುವಾರ ನಿರ್ದೇಶಕರು ಬಂದರು, ಕುರ್ಚಿ ಎಳೆದು ಎದುರಿಗೇ ಕೂತರು.

"ಎಲ್ಲಿ, ಆ ನೋಟ ಒಮ್ಮೆ ಕೊಡಿ."

ಸುಧಾಕರ ಉಸಿರು ಕಟ್ಟಿದ, ಕಣ್ಣು ಕಿರಿದು ಮಾಡಿದ, ತುಟಿ ಎಳೆದ.

"ತಲೆ ತಿರುಗ್ತಿದೆಯಾ? ನೀರು ಬೇಕಾ?" ನಿರ್ದೇಶಕರು ಗಾಬರಿಯಾದರು. "ಜನ ಮೆಚ್ಚಿದ್ದು ಆ ಕ್ರೌರ್ಯವನ್ನ ಸುಧಾಕರ್! ಅದೆಲ್ಲಿ ಹೋಯ್ತು?"

ಸುಧಾಕರ ಹೆಂಡತಿಯ ಮುಖ ನೋಡಿದ. ಅವಳೇ ಉತ್ತರಿಸಿದಳು.

"ಡಾಕ್ಟ್ರು ಬಕೆಟ್ಟಿಗೆ ಹಾಕಿದ್ರು, ಸರ್."