ಸರ್ಚ್ ಇಂಜಿನ್ನಿಗೆ ಸೀಟಿ ಊದಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಜೊತೆ ಮಾತ್ರ ನೀವು ಯಾವ ಮದುವೆ ಊಟಕ್ಕೂ ಹೋಗಬೇಡಿ. ಹೋದಿರೋ, ನಿಮಗೆ ಬೇಕಾದ ಜಾಗದಲ್ಲಿ ಕೂತು ಉಣ್ಣುವ ಆಸೆ ಬಿಟ್ಟುಬಿಡಬೇಕು. ಅವರು ಊಟದ ಹಾಲಿನ ಬಾಗಿಲಲ್ಲಿ ನಿಂತು, "ಒಳಕ್ಕೆ ಹೋಗ್ರಪ್ಪ, ಒಳಗಡೆ ಖಾಲಿ ಐತೆ, ಬಾಗ್ಲಲ್ಲಿ ನಿಂತ್ಕಬ್ಯಾಡಿ" ಎಂದು ಪಂಕ್ತಿಯನ್ನು ಗೋಡೆಯವರೆಗೂ ತುಂಬಿಸುತ್ತಾರೆ. ಆಮೇಲೆ ತಲೆ ಎಣಿಸುತ್ತಾರೆ. ಬಡಿಸುವವರ ಕಡೆ ತಿರುಗಿ "ರೈಟ್" ಅಂದ ಮೇಲೆಯೇ ಎಲೆಗೆ ಉಪ್ಪು ಬೀಳುವುದು. ಇಷ್ಟಕ್ಕೂ ಮದುವೆ ಯಾರದ್ದು ಅನ್ನುತ್ತೀರಾ? ಯಾರದ್ದಾದರೇನು! ಅಲ್ಲಿ ಯಜಮಾನಿಕೆ ನಮ್ಮ ಚಿಕ್ಕಪ್ಪನದೇ.

ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವರು ಇನ್ನು ಬೇರೆ ಹೇಗಿರಲು ಸಾಧ್ಯ? ಅವರ ಬಸ್ಸು ದಬ್ಬೇಘಟ್ಟದಲ್ಲಿ ಹೊರಟು ತುರುವೇಕೆರೆ, ತಿಪಟೂರು, ಕಿಬ್ಬನಹಳ್ಳಿ, ಚಿಕ್ಕನಾಯಕನಹಳ್ಳಿಯ ಮೇಲೆ ಹುಳಿಯಾರಿಗೆ ಹೋಗುತ್ತಿತ್ತು. ಕೈ ತೋರಿಸಿದ ಕಡೆಯೆಲ್ಲ ನಿಲ್ಲುತ್ತಿತ್ತು. ಕೈ ತೋರಿಸದ ಕಡೆಯೂ ನಿಲ್ಲುತ್ತಿತ್ತು, ಯಾಕೆಂದರೆ ಯಾವ ಊರಿನ ಯಾವ ಅಜ್ಜಿ ಯಾವ ಮರದ ಹಿಂದೆ ಎಲೆಅಡಿಕೆ ಹಾಕಿಕೊಳ್ಳುತ್ತ ಮೈಮರೆತು ಕೂತಿರುತ್ತಾಳೆ ಎಂಬುದು ಚಿಕ್ಕಪ್ಪನಿಗೆ ಗೊತ್ತಿತ್ತು. ಕೆಲಸ ಬಿಟ್ಟು ಕಿಬ್ಬನಹಳ್ಳಿಯ ಮನೆಯಲ್ಲಿ ಕೂತ ಮೇಲೆ ಅವರು ಒಂದು ನೋಟ್‌ಬುಕ್ ತುಂಬ ತಮ್ಮ ಸ್ಟಾಪುಗಳ ಚರಿತ್ರೆ ಬರೆದರು. ಒಟ್ಟು ನಲವತ್ತೊಂದು ಸ್ಟಾಪು. ಯಾವ ಊರಿನ ಬಾವಿ ನೀರು ಸಿಹಿ, ಯಾವ ಊರಿನ ಹೋಟೆಲಿನ ಟೀ ಕುಡಿಯಬಾರದು, ಎಲ್ಲ ಅದರಲ್ಲಿತ್ತು.

ಆಗ ನಾನು ತಿಪಟೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬೀದಿಗೊಂದು ಬ್ರೌಸಿಂಗ್ ಸೆಂಟರ್ ಇದ್ದ ಕಾಲ. ನೋಟ್‌ಬುಕ್ ನೋಡಿ, ಬಾಯಿ ಮುಚ್ಚಿಕೊಂಡಿರದೆ, "ಇದನ್ನು ವೆಬ್‌ಸೈಟ್ ಮಾಡಬಹುದು ಚಿಕ್ಕಪ್ಪ" ಅಂದುಬಿಟ್ಟೆ. ಮಾರನೇ ದಿನ ಬೆಳಿಗ್ಗೆ ನಮ್ಮ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಚಿಕ್ಕಪ್ಪ ಮೆಟ್ಟಿಲ ಮೇಲಿದ್ದರು.

ಕೆಲಸ ನಡೆದದ್ದು ಅನ್ವರ್ ಭಾಯ್ ಬ್ರೌಸಿಂಗ್ ಸೆಂಟರಿನಲ್ಲಿ. ಅದು ಅವರ ತಂದೆಯ ಟೈಲರ್ ಅಂಗಡಿಯ ಅರ್ಧ ಭಾಗ. ಈ ಕಡೆ ಮೂರು ಕಂಪ್ಯೂಟರ್, ಆ ಕಡೆ ಎರಡು ಹೊಲಿಗೆ ಮಿಷನ್ನು, ನಡುವೆ ಒಂದು ಪರದೆ. ಚಿಕ್ಕಪ್ಪ ಹೇಳುವುದು, ನಾನು ಟೈಪ್ ಮಾಡುವುದು, ಆ ಕಡೆಯಿಂದ ಅನ್ವರ್ ಭಾಯ್ ತಂದೆ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ತಿದ್ದುಪಡಿ ಸೂಚಿಸುವುದು. ಸ್ಟಾಪಿಗೊಂದು ಪುಟದಂತೆ ಮೂರು ತಿಂಗಳಲ್ಲಿ ಎಲ್ಲವೂ ತಯಾರಾಯಿತು.

ಆದರೆ ಸರ್ಚ್ ಇಂಜಿನ್ನಿನಲ್ಲಿ ಹುಡುಕಿದರೆ ಬರುತ್ತಿದ್ದದ್ದು ಮೊದಲ ಪುಟ ಒಂದೇ.

"ಮಿಕ್ಕಿದ್ದೆಲ್ಲ ಎಲ್ಲೋದ್ವು?"

"ಅದಕ್ಕೊಂದು ಪ್ರೋಗ್ರಾಮ್ ಇದೆ ಚಿಕ್ಕಪ್ಪ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಹಿಡಿದು ಹೋಗುತ್ತೆ. ಲಿಂಕ್ ಇಲ್ಲದ ಪುಟ ಅದರ ಕಣ್ಣಿಗೆ ಬೀಳಲ್ಲ."

"ಟಾರ್ ರೋಡಿರೋ ಊರಿಗೆ ಮಾತ್ರ ಬತ್ತದೆ ಅನ್ನು. ಎಕ್ಸ್‌ಪ್ರೆಸ್ಸು" ಎಂದರು ಚಿಕ್ಕಪ್ಪ. ಎಕ್ಸ್‌ಪ್ರೆಸ್ ಬಸ್ಸಿನವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

"ಅದಕ್ಕೇ ಸೈಟ್‌ಮ್ಯಾಪ್ ಅಂತ ಒಂದು ಪಟ್ಟಿ ಮಾಡಿ ಕೊಡಬೇಕು. ನಮ್ಮ ಹತ್ತಿರ ಇಂತಿಂಥ ಪುಟಗಳಿವೆ, ಬಂದು ನೋಡು ಅಂತ."

"ಹೊಸ ಡ್ರೈವರ್‌ಗೆ ಸ್ಟಾಪಿನ ಪಟ್ಟಿ ಬರ್ಕೊಡಾದು. ಇಷ್ಟೇ ತಾನೆ? ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?"

ಇದೇ ಪಾಠವನ್ನು ನಾನು ಡಿಪ್ಲೊಮಾ ಹುಡುಗರಿಗೆ ಒಂದು ವಾರ ಹೇಳಿದ್ದೆ. ಕೊನೆಗೆ ಒಬ್ಬ ಎದ್ದು ನಿಂತು, ಇದು ಪರೀಕ್ಷೆಗೆ ಬರುತ್ತದಾ ಮೇಡಂ ಎಂದು ಕೇಳಿದ್ದ. ಚಿಕ್ಕಪ್ಪನಿಗೆ ಎರಡು ವಾಕ್ಯ ಸಾಕಾಯಿತು.

ಇಷ್ಟೆಲ್ಲ ಆತುರ ಯಾಕೆ ಎಂದು ನೀವು ಕೇಳಬೇಕು. ಕಾರಣ ನಮ್ಮ ಚಿಕ್ಕಮ್ಮ. ಅವರ ತವರು ಜಾಲಿಮರದ ಹಟ್ಟಿ, ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಕಾವಲಿನ ಹುಲ್ಲು ಬಯಲೊಳಗೆ ಕುರಿ ಸಾಕುವವರ ಹನ್ನೆರಡು ಮನೆ. ಒಬ್ಬೊಬ್ಬರಾಗಿ ರಸ್ತೆ ಬದಿಯ ಊರುಗಳಿಗೆ ಬಂದು ಸೇರಿಕೊಂಡು, ಈಗ ಅಲ್ಲಿರುವುದು ಕುರಿ ಕೂಡುತ್ತಿದ್ದ ರೊಪ್ಪದ ಕಲ್ಲುಗೋಡೆ ಮಾತ್ರ. ಒಮ್ಮೆ ಯಾವುದೋ ಅರ್ಜಿಯಲ್ಲಿ ಹುಟ್ಟಿದ ಊರು ಬರೆಸಲು ಹೋದಾಗ, ಬರೆಯುವವನು ಪುಸ್ತಕ ತಿರುವಿ ಹಾಕಿ, "ಅಂಥ ಊರೇ ಇಲ್ಲ ಕಣಮ್ಮ" ಎಂದು ಪಕ್ಕದ ಊರಿನ ಹೆಸರು ಬರೆದು ಕಳಿಸಿದ್ದ. ಚಿಕ್ಕಮ್ಮ ಮನೆಗೆ ಬಂದು, "ನಾನು ಹುಟ್ಟೇ ಇಲ್ವಂತೆ ಕಣವ್ವ" ಎಂದು ನಕ್ಕಿದ್ದರು. ಚಿಕ್ಕಪ್ಪ ನಗಲಿಲ್ಲ. "ಕಂಪ್ಯೂಟ್ರಲ್ಲಿ ಬರಂಗೆ ಮಾಡ್ತೀನಿ ಇರು. ಲೋಕವೇ ನೋಡ್ಲಿ" ಅಂದಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ ಸ್ಟಾಪು. ಉಳಿದ ನಲವತ್ತು ಸ್ಟಾಪುಗಳು ಜೊತೆಗೆ ಹತ್ತಿಕೊಂಡಿದ್ದವು, ಅಷ್ಟೆ.

ಸೈಟ್‌ಮ್ಯಾಪಿನಲ್ಲಿ ಪುಟಗಳಿಗೆ ಅವುಗಳ ಮಹತ್ವಕ್ಕೆ ತಕ್ಕಂತೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡಬಹುದು. ನಾನು ಬುದ್ಧಿವಂತಿಕೆ ತೋರಿಸಿ, ಜೋರಾಗಿ ಹೇಳಿಕೊಳ್ಳುತ್ತಲೇ, ತಾಲೂಕು ಕೇಂದ್ರಗಳಿಗೆ ಒಂದು, ಹೋಬಳಿಗಳಿಗೆ ಸೊನ್ನೆ ಪಾಯಿಂಟ್ ಎಂಟು ಹಾಕಿದೆ. ಪರದೆಯ ಆ ಕಡೆ ದಬ್ಬೇಘಟ್ಟದ ಗಿರಾಕಿಯೊಬ್ಬರು ಅಂಗಿಯ ಅಳತೆ ಕೊಡುತ್ತಿದ್ದರು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ನಾಲ್ಕನೇ ದಿನ ದಬ್ಬೇಘಟ್ಟದಿಂದ ಇಬ್ಬರು ಹಿರಿಯರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಿಬ್ಬನಹಳ್ಳಿಗೇ ಬಂದರು.

"ತುರುವೇಕೆರೆಗೆ ಒಂದಂತೆ, ನಮ್ಗೆ ಸೊನ್ನೆ ಪಾಯಿಂಟ್ ಎಂಟಂತೆ. ಹೌದೇನ್ರೀ ಕಂಡಕ್ಟ್ರೇ?"

"ಅದು ಹಂಗಲ್ಲ ಗೌಡ್ರೆ..."

"ಬಸ್ಸು ಹೊರಡ್ತಿದ್ದದ್ದು ಎಲ್ಲಿಂದ? ರಾತ್ರಿ ಅಲ್ಲೇ ಮಲಗ್ತಿದ್ರಲ್ಲ, ಹೊದಿಯಾಕೆ ಕೊಟ್ಟೋರು ಯಾರು?"

ಚಿಕ್ಕಪ್ಪ ಅವರಿಗೆ ಕಾಫಿ ಕುಡಿಸಿ ಕಳಿಸಿದರು. ಅವತ್ತೇ ತಿಪಟೂರಿಗೆ ಬಂದು ಎಲ್ಲ ಊರಿಗೂ ಒಂದು ಹಾಕಿಸಿದರು. ಎಲ್ಲರಿಗೂ ಒಂದೇ ಕೊಟ್ಟರೆ ಅಂಕ ಕೊಟ್ಟೂ ಪ್ರಯೋಜನವಿಲ್ಲ ಎಂದು ನಾನು ವಾದಿಸಿದೆ. "ನಿಂಗೇನು, ಕಂಪ್ಯೂಟ್ರು ಮುಚ್ಚಿ ಮನೆಗೋಗ್ತೀಯ. ನಾನು ಆ ಊರುಗಳ್ಗೆ ಹೋಗ್ಬೇಕು ಕಣವ್ವ" ಎಂದರು.

ಪುಟ ಕೊನೆಯ ಸಲ ಬದಲಾದ ತಾರೀಖನ್ನೂ ಆ ಪಟ್ಟಿಯಲ್ಲಿ ಬರೆಯಬಹುದು; ಹೊಸ ತಾರೀಖು ಕಂಡರೆ ಪ್ರೋಗ್ರಾಮ್ ಮತ್ತೆ ನೋಡಲು ಬರುತ್ತದೆ. ಇದು ಗೊತ್ತಾದದ್ದೇ ತಡ, ಚಿಕ್ಕಪ್ಪ ದಿನಾ ಬಸ್ಸು ಹತ್ತಿ ತಿಪಟೂರಿಗೆ ಬಂದು, ಅನ್ವರ್ ಭಾಯ್ ಕೈಯಲ್ಲಿ ಎಲ್ಲ ಸ್ಟಾಪುಗಳ ತಾರೀಖನ್ನೂ ಬದಲು ಮಾಡಿಸಿ ಹೋಗತೊಡಗಿದರು. ವಾರವಾದ ಮೇಲೆ ನನಗೆ ತಿಳಿಯಿತು.

"ಪುಟದಲ್ಲಿ ಏನು ಬದಲಾಯಿಸಿದ್ರಿ ಚಿಕ್ಕಪ್ಪ?"

"ಏನೂ ಇಲ್ಲ. ಸ್ಟ್ಯಾಂಡಲ್ಲಿ ಬಸ್ಸು ಅಳ್ಳಾಡ್ದೆ ನಿಂತಿದ್ರೂ 'ಹೊಂಟೋಯ್ತು, ಹೊಂಟೋಯ್ತು' ಅಂತ ಕೂಗ್ತಿರ್ಲಿಲ್ವ ನಾವು? ಹಂಗೆ."

"ಎರಡು ಸಲ ನಂಬಿ ಓಡಿಬಂದವರು ಮೂರನೇ ಸಲ ಏನು ಮಾಡ್ತಿದ್ರು?"

"ಟೀ ಕುಡಿಯಾಕೆ ಹೋಗೋರು" ಎಂದು ಚಿಕ್ಕಪ್ಪ ಒಪ್ಪಿಕೊಂಡರು. ತಾರೀಖಿನ ಆಟ ಅಲ್ಲಿಗೆ ನಿಂತಿತು.

ಆಮೇಲೆ ಊರುಗಳು ಒಂದೊಂದಾಗಿ ಬರತೊಡಗಿದವು. ಮೊದಲು ಒಂಬತ್ತು, ಆಮೇಲೆ ಇಪ್ಪತ್ತಾರು, ಯುಗಾದಿಯ ಹೊತ್ತಿಗೆ ನಲವತ್ತು. ಚಿಕ್ಕಪ್ಪ ಮನೆಗೆ ಹೋದ ಕೂಡಲೇ ಚಿಕ್ಕಮ್ಮ ಒಲೆ ಮುಂದಿನಿಂದಲೇ ಕೇಳುತ್ತಿದ್ದರು.

"ನಮ್ಮೂರು ಬಂತಾ?"

"ನಾಳಿಕ್ ಬತ್ತದೆ."

"ಬುಡ್ರಿ, ಇಲ್ದಿರೋ ಊರು ಎಲ್ಲಿಂದ ಬತ್ತದೆ" ಎನ್ನುತ್ತಿದ್ದರು ಚಿಕ್ಕಮ್ಮ. ಅದರಲ್ಲಿ ತಮಾಷೆ ಎಷ್ಟು, ಸಂಕಟ ಎಷ್ಟು ಎಂದು ಹೇಳುವುದು ಕಷ್ಟ. ಎರಡು ತಿಂಗಳು ಇದೇ ಪ್ರಶ್ನೆ, ಇದೇ ಉತ್ತರ. ಚಿಕ್ಕಪ್ಪ ಮದುವೆ ಮನೆಗಳಲ್ಲೂ ಸುಮ್ಮನೆ ಒಂದು ಮೂಲೆಯಲ್ಲಿ ಕೂತು ಉಣ್ಣತೊಡಗಿದರು. ನನಗೆ ನಿಜಕ್ಕೂ ಭಯವಾಯಿತು.

ಒಂದು ಭಾನುವಾರ ಅನ್ವರ್ ಭಾಯ್ ಸೆಂಟರಿನಲ್ಲಿ, ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಲು ಕೂತೆ. ಪುಟ ಸರಿಯಾಗಿತ್ತು, ವಿಳಾಸ ಸರಿಯಾಗಿತ್ತು. ಸೈಟ್‌ಮ್ಯಾಪ್ ತೆರೆದು ಸಾಲು ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ. ನಲವತ್ತೇ. ಜಾಲಿಮರದ ಹಟ್ಟಿ ಪಟ್ಟಿಯಲ್ಲೇ ಇರಲಿಲ್ಲ!

"ಚಿಕ್ಕಪ್ಪ, ಚಿಕ್ಕಮ್ಮನ ಊರನ್ನು ಪಟ್ಟಿಯಿಂದ ತೆಗೆಸಿದ್ದು ಯಾರು?"

"ನಾನೇ" ಎಂದರು ಚಿಕ್ಕಪ್ಪ, ಇವಳಿಗೆ ಯಾರೂ ನಡವಳಿಕೆ ಕಲಿಸಲಿಲ್ಲವಲ್ಲ ಎಂಬಂತೆ ನೋಡುತ್ತ. "ಹೆಣ್ಣು ಕೊಟ್ಟೋರ ಮನೇನ ಊರೋರ ಜೊತೆ ಪಟ್ಟೀಲಿ ಬರೀತಾರೇನವ್ವ? ಅವರ್ನ ಬ್ಯಾರೆ ಕರೀಬೇಕು. ಅದ್ಕೆ ಅನ್ವರ್ ಕೈಲಿ ಬ್ಯಾರೆ ಫೈಲು ಮಾಡ್ಸಿಟ್ಟಿವ್ನಿ."

ನಿಜ, ನಮ್ಮ ಕಡೆ ಮದುವೆಗೆ ಕರೆಯುವಾಗ ಪಟ್ಟಿ ಮಾಡಿ ಅಣ್ಣತಮ್ಮಂದಿರು ಊರು ಹಂಚಿಕೊಳ್ಳುತ್ತಾರೆ. ಹೆಣ್ಣು ಕೊಟ್ಟವರ ಮನೆಯ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ಅಲ್ಲಿಗೆ ಯಜಮಾನನೇ ಹೋಗಬೇಕು, ಕುಂಕುಮ ಇಟ್ಟು, ಕೂತು, ಕಾಫಿ ಕುಡಿದು ಕರೆಯಬೇಕು. ಚಿಕ್ಕಪ್ಪ ಒಂದೇ ಒಂದು ಸಾಲಿನ ಇನ್ನೊಂದು ಸೈಟ್‌ಮ್ಯಾಪ್ ಮಾಡಿಸಿದ್ದರು. ಅದು ಇದೆ ಎಂದು ಸರ್ಚ್ ಇಂಜಿನ್ನಿಗೆ ತಿಳಿಸುವುದು ಮಾತ್ರ ಬಾಕಿ ಉಳಿದಿತ್ತು.

"ಫೈಲು ಮಾಡು ಅಂದ್ರು, ಮಾಡ್ದೆ. ಕಳ್ಸು ಅನ್ಲಿಲ್ಲ" ಎಂದು ಅನ್ವರ್ ಭಾಯ್ ತಲೆ ಕೆರೆದುಕೊಂಡರು. "ಕರೀದೆ ಅದು ಹೆಂಗೆ ಬರ್ತದೆ ಚಾಚಾ?"

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ತಿರುಗಿ ನೋಡಿದರೆ ಚಿಕ್ಕಪ್ಪನ ಮುಖ ಸಪ್ಪಗಾಗಿತ್ತು.

"ಅಂಗಾದ್ರೆ ನಾನೇ ಬುಟ್ಬುಟ್ಟೆ ಅನ್ನು" ಎಂದರು. ನನ್ನ ನಗು ಅಲ್ಲೇ ನಿಂತಿತು.

ಒಂದು ಸಾಲನ್ನು ದೊಡ್ಡ ಪಟ್ಟಿಗೆ ಸೇರಿಸಿದ್ದರೆ ಅರ್ಧ ನಿಮಿಷದ ಕೆಲಸ. ನನಗೆ ಮನಸ್ಸು ಬರಲಿಲ್ಲ. ಆ ಒಂಟಿ ಸಾಲಿನ ಫೈಲನ್ನೇ ಸರ್ಚ್ ಇಂಜಿನ್ನಿಗೆ ಪ್ರತ್ಯೇಕವಾಗಿ ಕಳಿಸಿದೆ. ಬಟನ್ ಒತ್ತಿದ್ದು ಚಿಕ್ಕಪ್ಪ. ಯಜಮಾನರೇ ಕರೆಯಬೇಕಲ್ಲ.

ಹನ್ನೊಂದನೇ ದಿನ ಅನ್ವರ್ ಭಾಯ್ ಫೋನ್ ಮಾಡಿದರು. ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು ಬಂದರು. ಚಿಕ್ಕಮ್ಮ ಒಳ್ಳೆಯ ಸೀರೆ ಉಟ್ಟಿದ್ದರು, ಹೂ ಮುಡಿದಿದ್ದರು. ನಾನು ಊರಿನ ಹೆಸರು ಹೊಡೆದೆ. ಒಂದೇ ಒಂದು ಉತ್ತರ ಬಂತು. ಒತ್ತಿದೆ. ಪರದೆಯ ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಈ ಪುಟವನ್ನು ಮಾತ್ರ ಚಿಕ್ಕಪ್ಪ ನನ್ನ ಕೈಯಲ್ಲಿ ಬರೆಸಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ತಾವೇ ಒತ್ತಿದ್ದರಂತೆ. ನಾನೂ ಅವತ್ತೇ ಅದನ್ನು ಪೂರ್ತಿ ಓದಿದ್ದು. ಹನ್ನೆರಡು ಮನೆಗಳ ಯಜಮಾನರ ಹೆಸರು, ಯಾರ ಮನೆಗೆ ಎಷ್ಟು ಕುರಿ, ಯಾರ ಜಗಲಿ ಮೇಲೆ ಮಕ್ಕಳು ಚೌಕಾಬಾರ ಆಡುತ್ತಿದ್ದರು. ಐದನೇ ಮನೆಯ ಹತ್ತಿರ ಹೀಗಿತ್ತು: "ಈರಕ್ಕನ ಮನೆ. ಈರಕ್ಕ ಮಗಳಿಗೆ ತಲೆ ಬಾಚುವಾಗ ಹಾಡು ಹೇಳುತ್ತಿದ್ದಳು. ಬಾಚಣಿಗೆಯ ಒಂದು ಹಲ್ಲು ಮುರಿದಿತ್ತು."

ಚಿಕ್ಕಮ್ಮ ಬೆರಳಿಟ್ಟು ನಿಧಾನವಾಗಿ ಓದಿದರು. ತಾಯಿಯ ಹೆಸರಿನ ಮೇಲೆ ಬೆರಳು ನಿಂತಿತು.

"ನೀವು ನಮ್ಮವ್ವನ್ನ ನೋಡೇ ಇಲ್ವಲ್ಲ. ಇದ್ನೆಲ್ಲ ಯಾರು ಹೇಳಿದ್ರು ನಿಮ್ಗೆ?"

"ನೀನೇ ಕಣೇ. ಮದ್ವೆ ಆದಾಗಿಂದ ಹೇಳ್ತಾನೇ ಇದೀಯಲ್ಲ."

"ನೀವು ಕೇಳಿಸ್ಕತಾ ಇರ್ಲಿಲ್ಲ ಅಂದ್ಕಂಡಿದ್ದೆ" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಬೀದಿಯ ಕಡೆ ತಿರುಗಿದರು. ನನಗೆ ಅಳು ಬಂತು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದು ಸತಿ ಹುಡ್ಕವ್ವ" ಎಂದರು.

ಅವತ್ತು ನಾಲ್ಕು ಸಲ ಹುಡುಕಿದೆ. ನಾಲ್ಕು ಸಲವೂ ಬಂತು.