ಮಾಮಾನ ವಿಡಿಯೋದಲ್ಲಿ ಚೌಕಳಿ

ಈ ಭೂಮಿಯ ಮೇಲೆ ಒಂದು ಮದುವೆಯನ್ನು ಮುಗಿಸಲು ಅತಿ ಹೆಚ್ಚು ದಿನ ತೆಗೆದುಕೊಂಡ ಮನುಷ್ಯ ನಮ್ಮ ಮಾಮಾ. ಮದುವೆ ಅವನದಲ್ಲ, ನಮ್ಮ ಅಕ್ಕನದು. ಅಕ್ಕ ವೈಶಾಖದಲ್ಲಿ ತಾಳಿ ಕಟ್ಟಿಸಿಕೊಂಡು, ಪುಣೆಯಲ್ಲಿ ಸಂಸಾರ ಹೂಡಿ, ಅಲ್ಲಿ ಕುಕ್ಕರಿನ ರಬ್ಬರನ್ನೂ ಒಮ್ಮೆ ಬದಲಾಯಿಸಿದ್ದಳು. ಮಾಮಾನ ಕಂಪ್ಯೂಟರಿನಲ್ಲಿ ಮಾತ್ರ ಅವಳ ತಲೆಯ ಮೇಲೆ ಇನ್ನೂ ಅಕ್ಷತೆ ಬಿದ್ದಿರಲಿಲ್ಲ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಸೋಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿದ್ದಾನೆ. ನಾನು ಅವನ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತೇನೆ. ದಿನಾಲು ಡೈರಿ ಬರೆಯುವ ಚಟ ನನ್ನದು. ಮಳೆಗೊಂದು ಪುಟ, ತಪ್ಪಿದ ಬಸ್ಸಿಗೊಂದು ಪುಟ. ಈ ವರ್ಷ ‘ಮಾಮಾನ ವಿಡಿಯೋ’ ಎಂಬ ಹೊಸ ಪುಟ ತೆರೆಯಬೇಕಾಯಿತು. ಆಷಾಢ ಬರುವಷ್ಟರಲ್ಲಿ ಅದರಲ್ಲಿ ಹನ್ನೊಂದು ಸಲ ‘ಮುಗಿಯಿತು’ ಎಂದೂ ಹನ್ನೊಂದು ಸಲ ‘ಮುಗಿದಿಲ್ಲ’ ಎಂದೂ ಬರೆದಿದ್ದೆ. ಎರಡೂ ನಿಜ.

ಮಾಮಾನ ಅಂಗಿಯ ಜೇಬಿನಲ್ಲಿ ಸದಾ ಒಂದು ಮಡಿಚುವ ಭೂತಗನ್ನಡಿ ಇರುತ್ತದೆ. ಅದನ್ನು ಬಟ್ಟೆಯ ಮೇಲಿಟ್ಟು ಒಂದು ಇಂಚಿನಲ್ಲಿ ಎಷ್ಟು ಎಳೆ ಇವೆ ಎಂದು ಎಣಿಸುವುದು ಅವನ ಕಸುಬು. ಗಿರಾಕಿ ಬೆಲೆ ಕೇಳಿದರೆ ಇವನು ಎಳೆ ಹೇಳುತ್ತಾನೆ. ಒಮ್ಮೆ ಮಾಮಿ ಹೊಸ ಸೀರೆ ಉಟ್ಟು ಬಂದು, “ಹೆಂಗ ಕಾಣ್ತೀನ್ರಿ?” ಎಂದು ಕೇಳಿದಳು. ಮಾಮಾ ಕನ್ನಡಿ ತೆಗೆದು ಸೆರಗಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿ, “ಎಳಿ ಕಮ್ಮಿ ಅವ” ಅಂದ. ಆ ದಿನ ಅವನ ತಾಟಿನಲ್ಲಿ ಭಕ್ಕರಿಯೂ ಕಮ್ಮಿ ಇದ್ದವು.

ಇಂಥವನ ಕೈಗೆ ಕ್ಯಾಮೆರಾ ಸಿಕ್ಕರೆ ಏನಾದೀತು? ಅಕ್ಕನ ಮದುವೆಗೆಂದು ಒಬ್ಬ ವಿಡಿಯೋದವನನ್ನು ಮಾತಾಡಿಸಲು ಕರೆಸಿದ್ದೆವು. ಮಾಮಾ ಅವನಿಗೆ ಚಾ ಕೊಟ್ಟು, “ನಿನ್ನ ವಿಡಿಯೋದ ಬಿಟ್‌ರೇಟ್ ಎಷ್ಟು?” ಎಂದು ಕೇಳಿದ. ಒಂದು ಸೆಕೆಂಡಿನ ಚಿತ್ರ ಉಳಿಸಲು ಕಂಪ್ಯೂಟರು ಎಷ್ಟು ಮಾಹಿತಿ ಖರ್ಚು ಮಾಡುತ್ತದೆ ಎಂಬ ಲೆಕ್ಕಕ್ಕೆ ಬಿಟ್‌ರೇಟ್ ಎನ್ನುತ್ತಾರಂತೆ. ಮಾಮಾನ ಭಾಷೆಯಲ್ಲಿ, ಎಳೆ. ಪಾಪ, ಆ ಹುಡುಗ, “ಕಾಕಾ, ಆಲ್ಬಮ್ ಫ್ರೀ ಅದ” ಅಂದ. ಅಲ್ಲಿಗೆ ಅವನ ಕೆಲಸ ಹೋಯಿತು. ಮಾಮಾ ತಾನೇ ಒಂದು ದೊಡ್ಡ ಕ್ಯಾಮೆರಾ ತಂದ. ಅದು ತೆಗೆಯುವ ಚಿತ್ರದ ಅಳತೆ ಫೋರ್ ಕೆ. ಮನೆಯಲ್ಲಿರುವ ಟಿವಿಯ ನಾಲ್ಕರಷ್ಟು ಚುಕ್ಕೆ ಅದರಲ್ಲಿವೆ ಎಂದು ಅವನು ಹೇಳಿದಾಗ ಮಾಮಿ, “ಉಳದ ಮೂರ ಪಾಲು ಯಾರ ಮನ್ಯಾಗ ನೋಡೂದು?” ಎಂದು ಕೇಳಿದಳು.

ಮದುವೆಯನ್ನು ಮಾಮಾ ಚೆನ್ನಾಗಿಯೇ ಚಿತ್ರೀಕರಿಸಿದ. ತೊಂದರೆ ಶುರುವಾದದ್ದು ಆಮೇಲೆ. ಕ್ಯಾಮೆರಾದ ಆ ಭಾರಿ ಗಂಟನ್ನು ಸಣ್ಣ ಮಾಡಿ, ಟಿವಿಯಲ್ಲಿ ನೋಡಲು ಬರುವಂಥ ಒಂದು ಫೈಲಾಗಿ ಹೊರಗೆ ತೆಗೆಯಬೇಕಲ್ಲ, ಆ ಎಕ್ಸ್‌ಪೋರ್ಟ್ ಎಂಬ ಕೆಲಸದಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಸುತ್ತ ಚಾದರದ ಥಪ್ಪಿಗಳ ನಡುವೆ ಕೂತು ಅವನು ನನಗೆ ಪಾಠ ಹೇಳಿದ.

“ನೋಡು, ಚಾದರ ಮಡಿಚಿ ಇಟ್ರ ಸಣ್ಣದಾಗ್ತದ. ಬಿಚ್ಚಿದ್ರ ಮತ್ತ ಇದ್ದಷ್ಟಾ ಆಗ್ತದ. ಹೌದಲ್ಲ?”

“ಹೌದು ಮಾಮಾ.”

“ಈ ಕಂಪ್ಯೂಟರ ಮಡಚೂದಿಲ್ಲ. ನಡು ನಡುವಿನ ಎಳಿ ಕಿತ್ತು ಒಗೀತದ. ಯಾರು ನೋಡ್ತಾರ ಬಿಡು ಅಂತ ತಿಳ್ಕೊಂಡದ ಅದು.”

“ಯಾರೂ ನೋಡೂದಿಲ್ಲಲ್ಲ ಮಾಮಾ?”

“ನಾ ನೋಡ್ತೀನಿ.”

ನೋಡಿಯೂ ನೋಡಿದ. ಫೈಲು ತಯಾರಾದ ಕೂಡಲೇ ಟಿವಿಗೆ ಹಾಕಿ, ಮೂಗು ತಾಗುವಷ್ಟು ಹತ್ತಿರ ನಿಂತು, ಭೂತಗನ್ನಡಿಯನ್ನು ಪರದೆಗೆ ಹಚ್ಚಿ ಇಂಚಿಂಚೂ ನೋಡುವನು. ಅರಿಶಿನ ಹಚ್ಚುವುದು ಪಾಸು. ತಾಳಿ ಪಾಸು. ಆದರೆ ಅಕ್ಷತೆ ಬಂತೆಂದರೆ ಸಾಕು, “ಚೌಕಳಿ!” ಎಂದು ಒದರಿ ಪರದೆಯಿಂದ ಹಿಂದಕ್ಕೆ ಜಿಗಿಯುವನು. ಚಿತ್ರದಲ್ಲಿ ಒಮ್ಮೆಲೇ ಸಾವಿರಾರು ಕಾಳು ಹಾರಾಡಿದಾಗ ಕಂಪ್ಯೂಟರಿಗೆ ಎಳೆ ಸಾಲದೆ, ಎಲ್ಲವನ್ನೂ ಸಣ್ಣ ಸಣ್ಣ ಚೌಕಗಳಾಗಿ ಕೂಡಿಸಿಬಿಡುತ್ತದೆ. ನಮಗೆ ಕಾಣುವುದು ಅಕ್ಕನ ಮುಖದ ಮೇಲೆ ಒಂದು ಕ್ಷಣದ ಮಸುಕು. ಮಾಮಾನಿಗೆ ಕಾಣುವುದು ಚೌಕಳಿ ಚಾದರ.

“ಚೌಕಳಿ ಅಂಗಡ್ಯಾಗ ಇರಬೇಕು. ಮದಿವಿ ಹೆಣ್ಣಿನ ಗಲ್ಲದ ಮ್ಯಾಲ ಅಲ್ಲ” ಎನ್ನುತ್ತ ಮತ್ತೆ ಬಿಟ್‌ರೇಟ್ ಏರಿಸಿ ಕೂಡುವನು. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುವುದು. ಯಾರಾದರೂ ಟವೆಲ್ ಕೇಳಲು ಬಂದರೆ, “ಅರ್ಧಾ ಆಗೇದ, ಚಾ ಕುಡದ ಬರ್ರಿ” ಎಂದು ಕಳಿಸಿಬಿಡುವನು. ಟವೆಲ್ ಏನು ಅರ್ಧ ಆಗಿದೆ ಎಂದು ಗಿರಾಕಿ ಗಾಬರಿಯಾಗಿ ಹೋಗುತ್ತಿದ್ದ.

ಇದಕ್ಕೆ ಒಂದೇ ಉಪಾಯ ಎಂದು ಮಾಮಾ ತೀರ್ಮಾನಿಸಿದ: ಜನರೇ ಸುಧಾರಿಸಬೇಕು. ಜ್ಯೇಷ್ಠದಲ್ಲಿ ಅಕ್ಕಲಕೋಟದಲ್ಲಿ ನಮ್ಮ ದೂರದ ಬೀಗರ ಮದುವೆ ಇತ್ತು. ಅಲ್ಲಿಗೂ ಕ್ಯಾಮೆರಾ ಹೊತ್ತು ಹೋದ. ಅಕ್ಷತೆಯ ಹೊತ್ತಿಗೆ ಸ್ಟೂಲಿನ ಮೇಲೆ ನಿಂತು, “ಒಮ್ಮಿಗೇ ಒಗೀಬ್ಯಾಡ್ರಿ. ಸಾವಕಾಶ, ಒಬ್ಬೊಬ್ಬರ. ಮೊದಲ ಈ ಸಾಲಿನವ್ರು” ಎಂದು ಕೂಗಿದ. ಮುಷ್ಟಿ ಎತ್ತಿದ ಜನ ಎತ್ತಿದ ಹಾಗೆಯೇ ನಿಂತರು. ಮದುವೆ ಮಾಡಿಸುತ್ತಿದ್ದ ಸ್ವಾಮಿಗಳು ತಲೆ ಎತ್ತಿ, “ಸಾವಕಾರ್ರ, ಮುಹೂರ್ತ ನಿಮ್ಮ ಕ್ಯಾಮೆರಾಕ ಕಾಯೂದಿಲ್ರಿ” ಅಂದರು. ಮುಂದಿನ ಕ್ಷಣದಲ್ಲಿ ಬಿದ್ದ ಅಕ್ಷತೆಯಲ್ಲಿ ಅರ್ಧ ವಧೂವರರಿಗೆ, ಅರ್ಧ ಮಾಮಾನಿಗೆ. ಮನೆಗೆ ಬಂದ ಮೇಲೂ ಅವನ ಕಿವಿಯಿಂದ ಕಾಳು ಉದುರುತ್ತಿದ್ದವು. “ಬಿಡಿ ಬಿಡಿ ಕಾಣ್ತಾವ ನೋಡ್ರಿ, ಚೌಕಳಿ ಇಲ್ಲ” ಅಂದಳು ಮಾಮಿ.

ಹೀಗೆ ನಗುತ್ತಲೇ ಇರಬಹುದಿತ್ತು, ಕರಜಗಿಯಿಂದ ಅಜ್ಜಿಯ ಫೋನ್ ಬರದಿದ್ದರೆ.

ಅಜ್ಜಿ ಅಂದರೆ ಮಾಮಾನ ಅವ್ವ. ಕರಜಗಿಯಲ್ಲಿ ದೊಡ್ಡ ಮಾಮಾನ ತುಂಬಿದ ಮನೆಯಲ್ಲಿ ಇರುತ್ತಾಳೆ. ನಮ್ಮ ಅಕ್ಕ ಸಾಲಿ ಕಲಿತು ಬೆಳೆದದ್ದು ಅಲ್ಲಿಯೇ, ಅಜ್ಜಿಯ ಮಗ್ಗುಲಲ್ಲಿ ಮಲಗಿ. ಮದುವೆಯ ಹಿಂದಿನ ವಾರ ಅಜ್ಜಿ ಬಚ್ಚಲ ಹೊಸ್ತಿಲು ಎಡವಿ ಬಿದ್ದು ಕಾಲು ಮುರಿದುಕೊಂಡಳು. ತಾನೇ ಬೆಳೆಸಿದ ಹುಡುಗಿಯ ಮದುವೆಗೆ ಅವಳೊಬ್ಬಳಿಗೇ ಬರಲಾಗಲಿಲ್ಲ. ಅಂದಿನಿಂದ ವಾರಕ್ಕೊಮ್ಮೆ ಫೋನು, ಅದೇ ಮಾತು.

“ವಿಡಿಯೋ ಬಂತೇನ?”

“ಇನ್ನೂ ಇಲ್ಲ ಅಜ್ಜಿ.”

“ನನಗ ಮದಿವಿ ಎಲ್ಲಾ ಬ್ಯಾಡವಾ. ಆಕಿ ಮ್ಯಾಲ ಅಕ್ಕಿಕಾಳ ಬೀಳೂದು ಒಂದ ನೋಡ್ಬೇಕು. ಪಂಚಮಿಗಿ ಬರ್ತಾಳ ಆಕಿ. ಬಂದು, ನೋಡ್ದೇನ ಅಜ್ಜಿ ಅಂತ ಕೇಳಿದ್ರ ಏನ ಹೇಳ್ಲಿ?”

ಕೇಳಲಾರದೆ ನಾನೇ ಒಂದು ಉಪಾಯ ಮಾಡಿದೆ. ಮಾಮಾ ತಿರಸ್ಕರಿಸಿದ ಒಂದು ಫೈಲಿನಿಂದ ಅಕ್ಷತೆಯ ತುಂಡನ್ನು ತೆಗೆದು, ಫೋನಿನಲ್ಲಿ ಕಳಿಸಲು ಬರುವಷ್ಟು ಹಿಂಡಿ ಸಣ್ಣದು ಮಾಡಿದೆ. ಹಿಂಡಿದ್ದು ಸ್ವಲ್ಪ ಹೆಚ್ಚಾಯಿತು. ಆದರೂ ಅಕ್ಕ ಯಾರು, ಭಾವ ಯಾರು ಎಂದು ಗೊತ್ತಾಗುತ್ತಿತ್ತು. ಕಳಿಸುವ ಮೊದಲು ಒಂದು ಮಾತು ಕೇಳೋಣ ಎಂದು ಮಾಮಾನಿಗೆ ತೋರಿಸಿದೆ. ಅವನು ನನ್ನ ಫೋನಿನ ಮೇಲೆ ಭೂತಗನ್ನಡಿ ಇಟ್ಟು ನೋಡಿದ. ಸಾವಿನ ಸುದ್ದಿ ಕೇಳಿದವರ ಹಾಗೆ ಕುರ್ಚಿಯಲ್ಲಿ ಕೂತ.

“ಇದು ವಿಡಿಯೋ ಅಲ್ಲ, ಲುಂಗಿ. ಹುಡುಗಿ ಮಾರಿ ಮ್ಯಾಲ ಲುಂಗಿ ಹಾಸೀದಿ ನೀ.”

“ಅಜ್ಜಿ ಕಾಯಾಕತ್ತಾಳ ಮಾಮಾ. ಕಂಡಷ್ಟು ಕಾಣ್ಲಿ.”

“ಗಿರಾಕಿಗೇ ನಾ ಕಮ್ಮಿ ಮಾಲ ತೋರ್ಸೂದಿಲ್ಲ. ನಮ್ಮವ್ವಗ ತೋರ್ಸಲೇನು? ಅಳಸು ಅದನ್ನ.”

“ಅಳಿಸಿದೆ” ಅಂದೆ. ಅವನು ನಂಬಿದ.

ಆಷಾಢ ಮುಗಿಯುತ್ತಿರುವಾಗ, ಒಂದು ಮಧ್ಯಾಹ್ನ ಅಂಗಡಿಯಿಂದ ಫೋನ್ ಬಂತು. “ಕಾಳ ಎಣಸಬಹುದು!” ಓಡಿ ಹೋಗಿ ನೋಡಿದೆ. ನಿಜ. ಎಲ್ಲ ಆಯ್ಕೆಗಳನ್ನೂ ಗರಿಷ್ಠಕ್ಕೆ ಏರಿಸಿ, ಚಿತ್ರವನ್ನು ಹಿಂಡಿ ಗಂಟು ಕಟ್ಟುವ ಹೊಸದರಲ್ಲಿ ಹೊಸ ಬಗೆಯ ಕೋಡೆಕ್ ಹಚ್ಚಿ ತೆಗೆದ ಫೈಲು. ಅಕ್ಕನ ಹಣೆಯ ಮೇಲೆ ಬಿದ್ದ ಪ್ರತಿಯೊಂದು ಕಾಳೂ ಬೇರೆ ಬೇರೆ ಕಾಣುತ್ತಿತ್ತು. ಡೈರಿಯಲ್ಲಿ ಮೊದಲ ಸಲ ಬರೀ ‘ಮುಗಿಯಿತು’ ಎಂದು ಬರೆದೆ.

ಫೈಲು ಎಷ್ಟು ದೊಡ್ಡದಿತ್ತೆಂದರೆ ಪೆನ್ ಡ್ರೈವ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೆಂದೇ ಒಂದು ಹಾರ್ಡ್ ಡಿಸ್ಕ್ ಬಂತು. ಧಕ್ಕೆ ತಾಗಬಾರದೆಂದು ಮಾಮಾ ಅದನ್ನು ಕೂಸಿನ ದುಪಟಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊರಟ. ಮಾಮಿ ಬಾಗಿಲಲ್ಲಿ ನಿಂತು ನೋಡಿದಳು. “ಎರಡು ಹಡದೀನಿ. ಒಂದನ್ನರೆ ಹಿಂಗ ಎತ್ಕೊಂಡಿದ್ರೇನು?”

ನಾವಿಬ್ಬರೂ ಹತ್ತಿದ ಕರಜಗಿಯ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ ದುಪಟಿಯ ಗಂಟನ್ನು ನೋಡಿ ದನಿ ತಗ್ಗಿಸಿದ. “ಮಲಗೇದೇನ್ರಿ ಕೂಸು? ಎಷ್ಟ ತಿಂಗಳದ್ದು?”

“ಎರಡು” ಅಂದ ಮಾಮಾ, ಮದುವೆಯಿಂದ ಲೆಕ್ಕ ಹಾಕಿ.

“ಗಂಡೋ, ಹೆಣ್ಣೋ?”

“ಫೋರ್ ಕೆ.”

ನಾವು ಇಳಿಯುವತನಕ ಕಂಡಕ್ಟರ್ ನಮ್ಮ ಸೀಟಿನ ಕಡೆಗೆ ಮತ್ತೆ ಬರಲಿಲ್ಲ.

ದೊಡ್ಡ ಮಾಮಾನ ಪಡಸಾಲೆಯಲ್ಲಿ ಎಲ್ಲರೂ ಕೂತರು. ಅಜ್ಜಿಯನ್ನು ಟಿವಿಯ ಎದುರಿಗೆ ಕುರ್ಚಿಯಲ್ಲಿ ಕೂಡಿಸಿದರು. ಅವಳು ಹೊಸ ಸೀರೆ ಉಟ್ಟು, ಮದುವೆಗೇ ಬಂದವಳ ಹಾಗೆ ಸೆರಗು ಹೊದ್ದು ಕೂತಿದ್ದಳು. ಮಾಮಾ ಹಾರ್ಡ್ ಡಿಸ್ಕಿನ ವೈರನ್ನು ಟಿವಿಗೆ ಸಿಕ್ಕಿಸಿ, ಉಳಿದದ್ದನ್ನೆಲ್ಲ ದಾಟಿಸಿ ನೇರ ಅಕ್ಷತೆಗೆ ತಂದು ನಿಲ್ಲಿಸಿ, ರಿಮೋಟ್ ಒತ್ತಿದ.

ಸನಾದಿ ಕೇಳಿಸಿತು. ಮಂತ್ರ ಕೇಳಿಸಿತು. ಪರದೆ ಮಾತ್ರ ಕಪ್ಪಗೆ ಇತ್ತು. ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಾಲು: ಈ ವಿಡಿಯೋವನ್ನು ಈ ಟಿವಿ ತೋರಿಸಲಾರದು. ಮಾಮಾನ ಹೊಸ ಕೋಡೆಕ್ಕನ್ನು ಬಿಚ್ಚುವುದು ಆ ಹಳೆಯ ಟಿವಿಗೆ ಗೊತ್ತಿರಲಿಲ್ಲ. ಅಷ್ಟು ಎಳೆ ಸೇರಿಸಿ ನೇಯ್ದ ಚಾದರ, ಹರವಿಕೊಳ್ಳಲೇ ಇಲ್ಲ!

ದೊಡ್ಡ ಮಾಮಾನ ಮಕ್ಕಳು ನಗಲು ಬಾಯಿ ತೆರೆದರು. ಮಾಮಾ ಬೆವರುತ್ತ ವೈರು ಕೀಳಲು ಬಾಗಿದ. ಆಗ ಅಜ್ಜಿ ಕೈ ಎತ್ತಿದಳು.

“ಇರ್ಲಿ ತಮ್ಮಾ, ಬಂದ ಮಾಡಬ್ಯಾಡ. ಎಷ್ಟ ಚಂದ ಕಾಣಾಕತ್ತಾಳ ಹುಡುಗಿ.”

ಅಜ್ಜಿ ಕಪ್ಪು ಪರದೆಯನ್ನೇ ನೋಡುತ್ತ ತಲೆದೂಗುತ್ತಿದ್ದಳು. ಆಗ ನಮಗೆ ಹೊಳೆಯಿತು: ಈಚೆಗೆ ಅಕ್ಕಿಯ ಹರಳು ಆರಿಸುವುದನ್ನು ಅವಳು ಬಿಟ್ಟದ್ದು, ಸೊಸೆ ಮಾಡಲಿ ಎಂದಲ್ಲ. ಹೊಸ್ತಿಲು ಎಡವಿದ್ದು ಅವಸರಕ್ಕಲ್ಲ. ಕಣ್ಣಿಗೆ ಪೊರೆ ಬಂದದ್ದನ್ನು ಯಾರಿಗೂ ಹೇಳದೆ, ಗೊತ್ತಿದ್ದ ಮನೆಯಲ್ಲಿ ಗೊತ್ತಿದ್ದ ಹಾಗೆ ಓಡಾಡಿಕೊಂಡಿದ್ದಳು.

ಮಾಮಾ ರಿಮೋಟನ್ನು ಕೆಳಗಿಟ್ಟ. ಹೋಗಿ ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.

“ಹೌದವ್ವಾ. ಈಗ ನೋಡು, ಆಕಿ ತಲಿ ಬಗ್ಗಿಸಿದ್ಲು. ಹಣಿಗಿ ಕಟ್ಟಿದ ದಂಡಿ ಸ್ವಲ್ಪ ವಾರಿ ಆಗೇದ. ಈಗ ನಮ್ಮಕ್ಕ, ಹುಡುಗಿ ಅವ್ವ, ಮೊದಲ ಕಾಳ ಹಾಕಿದ್ಲು. ಒಂದು ಕಾಳ ಮೂಗುತಿ ಮ್ಯಾಲ ನಿಂತದ ನೋಡು.”

ಎಕ್ಸ್‌ಪೋರ್ಟ್ ಮಾಡಿ ಮಾಡಿ ಅವನಿಗೆ ಪ್ರತಿ ಕಾಳೂ ಬಾಯಿಪಾಠವಾಗಿತ್ತು.

“ಕಾಣ್ತದೋ. ನನಗೇನ ಕಣ್ಣಿಲ್ಲೇನು?” ಅಂದಳು ಅಜ್ಜಿ.

“ಕಣ್ಣ ಅವ ಅವ್ವಾ. ನನಗಾ ಹೇಳ್ಬೇಕನಸ್ತದ.”

ಮರುವಾರವೇ ಅಜ್ಜಿಯನ್ನು ಸೋಲಾಪುರಕ್ಕೆ ಕರೆತಂದು ಒಂದು ಕಣ್ಣಿನ ಆಪರೇಷನ್ ಮಾಡಿಸಿದೆವು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಪಂಚಮಿಗೆ ಇನ್ನೂ ಮೂರು ದಿನ ಇತ್ತು. ದವಾಖಾನೆಯ ಬೆಂಚಿನ ಮೇಲೆ ಕರಿಯ ಕನ್ನಡಕ ಹಾಕಿಕೊಂಡು ಕೂತ ಅಜ್ಜಿ ಮೊದಲು ಕೇಳಿದ್ದು ಅದನ್ನೇ: “ವಿಡಿಯೋ ತಂದೀಯೇನ ತಮ್ಮಾ?”

ಮಾಮಾ ನನ್ನ ಕಡೆ ತಿರುಗಿದ. “ಆ ಲುಂಗಿ ಅದ ಏನು ನಿನ್ನ ಫೋನಿನ್ಯಾಗ?”

“ಅಳಿಸೀನಿ ಅಂದಿದ್ನಲ್ಲ ಮಾಮಾ.”

“ಸುಳ್ಳ ಹೇಳ್ಬ್ಯಾಡ. ತೆಗಿ.”

ತೆಗೆದುಕೊಟ್ಟೆ. ಅಜ್ಜಿ ಕನ್ನಡಕ ಸರಿಸಿ, ಫೋನನ್ನು ಆ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಹುಬ್ಬು ಗಂಟಿಕ್ಕಿದಳು.

“ಇದೇನೋ ಇದು? ಹುಡುಗಿ ಗಲ್ಲದ ತುಂಬ ಚೌಕಳಿ ಬಂದಾವಲ್ಲ?”

ಎರಡು ತಿಂಗಳಿಂದ ಮಾಮಾ ಯಾವ ಮಾತಿಗೆ ಹೆದರಿದ್ದನೋ, ಆ ಮಾತು ಕೊನೆಗೂ ಅವನ ಅವ್ವನ ಬಾಯಿಂದಲೇ ಬಂತು. ಅವನು ಹೆಗಲ ಮೇಲಿದ್ದ ಅಂಗಡಿಯ ಟವೆಲಿನಲ್ಲಿ ಮುಖ ಒರೆಸಿಕೊಂಡ. ಒರೆಸಿಕೊಂಡರೂ ಸಾಲದೆ ಮತ್ತೆ ಒರೆಸಿಕೊಂಡ.

“ಕಂಡ್ವೇನವ್ವಾ?”

“ಕಾಣ್ದೇನು, ಇಷ್ಟಿಷ್ಟ ದೊಡ್ಡವು ಅವ.”

“ಎಷ್ಟ ಅವ?”

ಅಜ್ಜಿ ಬೆರಳಿಟ್ಟು ಎಣಿಸತೊಡಗಿದಳು. ಮುಗಿದ ಮೇಲೆ ಮಾಮಾ ಅವಳ ಪಕ್ಕಕ್ಕೆ ಇನ್ನಷ್ಟು ಸರಿದು ಕೂತು, “ಇನ್ನೊಮ್ಮೆ ಎಣಸವ್ವಾ” ಅಂದ.